ಅಂಚೆಯ ಮೂಲಕ ಬಂದ ಕಾನೂನು ವಿದ್ಯೆ

ಶ್ರೀಮಠದ ಪ್ರಸಾದ ನಿಲಯದಲ್ಲಿ ಓದಿ ಹೊರಬಂದ ನಮ್ಮಲ್ಲಿ ಅನೇಕರು ಪದವಿ ಮುಗಿದೊಡನೆ ಕೈಗೆ ಸಿಕ್ಕ ನೌಕರಿಯನ್ನು ಹಿಡಿದು ಸಂಸಾರದ ನೊಗಕ್ಕೆ ಹೆಗಲು ಕೊಟ್ಟವರು. ಮುಂದೆ ಓದಬೇಕೆಂಬ ಹಂಬಲ ಮಾತ್ರ ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ. ಇಂಥವರಲ್ಲಿ ಕೆಲವರು, ತಮಗಾಗಿಯೋ ಮಕ್ಕಳಿಗಾಗಿಯೋ, “ಮನೆಯಲ್ಲಿ ಕುಳಿತೇ ಕಾನೂನು ಪದವಿ ಪಡೆಯಬಹುದೇ?” ಎಂದು ನನ್ನನ್ನು ಕೇಳುವುದುಂಟು. ಹಾಗೆ ಓದಿದವನಾದುದರಿಂದ ಉತ್ತರ ಹೇಳುವ ಅಧಿಕಾರ ನನಗೆ ತುಸುಮಟ್ಟಿಗೆ ಇದೆಯೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಹಿಯಾದುದನ್ನು ಮೊದಲೇ ಹೇಳಿಬಿಡುವುದು ಲೇಸು. ಅಂಚೆ ಶಿಕ್ಷಣದ ಕಾನೂನು ಪದವಿಯಿಂದ ಕರಿಕೋಟು ದೊರೆಯುವುದಿಲ್ಲ. 1961ರ ವಕೀಲರ ಅಧಿನಿಯಮದಂತೆ ಸನ್ನದು ಬೇಕಾದವನು ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಪದವಿಯನ್ನೇ ಪಡೆದಿರಬೇಕು. ಪರಿಷತ್ತಿನ 2008ರ ನಿಯಮಗಳು ಪ್ರತಿ ವಿಷಯದಲ್ಲಿಯೂ ನೂರಕ್ಕೆ 70ರಷ್ಟು ತರಗತಿಗಳಿಗೆ ಹಾಜರಾಗಬೇಕೆಂದು ವಿಧಿಸಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2020ರ ನಿಯಮಾವಳಿಯಲ್ಲಿ, ದೂರಶಿಕ್ಷಣದಿಂದ ಕಲಿಸಕೂಡದ ವಿದ್ಯೆಗಳ ಸಾಲಿನಲ್ಲಿ ವೈದ್ಯಕೀಯ, ಇಂಜಿನಿಯರಿಂಗ್‌ಗಳೊಡನೆ ಕಾನೂನನ್ನೂ ಸೇರಿಸಿದೆ. ಆದುದರಿಂದ “ಶುಲ್ಕ ತುಂಬಿರಿ, ಪರೀಕ್ಷೆಗೆ ಮಾತ್ರ ಬನ್ನಿರಿ, ವಕೀಲರಾಗಿರಿ” ಎನ್ನುವವರು ಮನೆಬಾಗಿಲಿಗೆ ಬಂದರೆ ನೀರು ಮಜ್ಜಿಗೆ ಕೊಟ್ಟು ಕಳುಹಿಸಿರಿ, ಹಣ ಕೊಡಬೇಡಿರಿ.

ಆದರೆ ಇನ್ನೊಂದು ದಾರಿಯುಂಟು. ಪಿ.ಯು.ಸಿ. ಮುಗಿಸಿ, ಅನಂತರ ಬಿ.ಎ. ಪದವಿಯನ್ನು ದೂರಶಿಕ್ಷಣದಿಂದಲೇ ಪಡೆದವನು ನಿಗದಿಯಾದ ಅಂಕಗಳಿದ್ದರೆ ಮೂರು ವರ್ಷದ ಕಾನೂನು ತರಗತಿಗೆ ಸೇರಬಹುದು. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೀಗೆ ಓದುವ ಬಡ ವಿದ್ಯಾರ್ಥಿಗಳು ಇದನ್ನು ಮರೆಯಬಾರದು. ಕಾನೂನು ತರಗತಿಗೆ ಮಾತ್ರ ಕಾಲೇಜಿನ ಬೆಂಚಿನ ಮೇಲೆಯೇ ಕುಳಿತುಕೊಳ್ಳಬೇಕು.

ಹಾಗಾದರೆ ನಾನೇಕೆ ಓದಿದೆನೆಂದು ಕೇಳುವಿರಿ. 1980ರ ದಶಕದಲ್ಲಿ ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಪಹಣಿ, ವಾಟ್ನಿ ಪತ್ರಗಳು ದಿನವೂ ಕೈಯಲ್ಲಿ ಹಾದುಹೋಗುತ್ತಿದ್ದವು; ಅವುಗಳ ಹಿಂದಿನ ನ್ಯಾಯ ಮಾತ್ರ ತಿಳಿಯದು. ನೆರೆರಾಜ್ಯದ ವಿಶ್ವವಿದ್ಯಾಲಯವೊಂದು ಸಾಮಾನ್ಯ ಕಾನೂನುಗಳ ಪದವಿ, ಅಂದರೆ ಬಿ.ಜಿ.ಎಲ್., ಎಂಬುದನ್ನು ಅಂಚೆಯ ಮೂಲಕ ಕಲಿಸುತ್ತಿತ್ತು. ಇದರಿಂದ ವಕೀಲಿಯಿಲ್ಲವೆಂದು ಅದರ ವಿವರಣಪತ್ರದಲ್ಲಿಯೇ ಅಚ್ಚಾಗಿತ್ತು. ಅದನ್ನು ಓದಿಯೇ ಸೇರಿದೆ. ಪಾಠಗಳು ಇಂಗ್ಲಿಷಿನಲ್ಲಿ ಕಟ್ಟುಕಟ್ಟಾಗಿ ಬರುತ್ತಿದ್ದವು. ಕರಾರಿನ ಕಾನೂನಿನಲ್ಲಿ ‘ಕನ್ಸಿಡರೇಷನ್’ ಎಂಬ ಪದಕ್ಕೆ ನಾನು ‘ಪರಿಶೀಲನೆ’ ಎಂಬ ಅರ್ಥವನ್ನಿಟ್ಟುಕೊಂಡು ಓದಿದರೆ ಒಂದು ಸಾಲೂ ಕೂಡಿಬರಲಿಲ್ಲ. ಅದು ‘ಪ್ರತಿಫಲ’ವೆಂದು ಭಾನುವಾರ ಊರಿನ ವೃದ್ಧ ವಕೀಲರೊಬ್ಬರು ತಿಳಿಸಿದರು. ಕೇಳಲು ಎದುರಿಗೆ ಗುರುವಿಲ್ಲದಿರುವುದೇ ಈ ಓದಿನ ದೊಡ್ಡ ಕಷ್ಟ, ಮಿಕ್ಕವು ಸಹಿಸತಕ್ಕವು. ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಅವರು ಸೆರೆಯಲ್ಲಿದ್ದುಕೊಂಡೇ ಅಂಚೆ ಶಿಕ್ಷಣದಿಂದ 1989ರಲ್ಲಿ ಕಾನೂನು ಪದವಿಯನ್ನು ಪೂರೈಸಿದರೆಂದು ಮುಂದೆ ಓದಿದಾಗ, ನಮ್ಮ ಕಷ್ಟವೇನು ಮಹಾ ಎನಿಸಿತು.

ಆ ಓದು ಒದಗಿದ್ದು ನಿವೃತ್ತಿಯಾದ ಮೇಲೆ. 2021ರಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಹಕ್ಕು ಬಿಡುಗಡೆ ಪತ್ರವೊಂದನ್ನು ಹಿಡಿದು ಬಂದಳು. “ಅಣ್ಣಾ, ಸಹಿ ಮಾಡೆಂದರೆ ಮಾಡುತ್ತೇನೆ. ಏತಕ್ಕೆ ಮಾಡುತ್ತಿದ್ದೇನೆಂಬುದನ್ನು ಮಾತ್ರ ಓದಿ ಹೇಳಿರಿ” ಎಂದಳು. ತವರಿನ ಒಂಬತ್ತು ಎಕರೆ ಪಿತ್ರಾರ್ಜಿತ ಭೂಮಿ, ಇಬ್ಬರು ಅಣ್ಣಂದಿರು. ತಂದೆ 1998ರಲ್ಲಿ ಲಿಂಗೈಕ್ಯರು, ತಾಯಿ ಅದಕ್ಕೂ ಮೊದಲೇ, ಹಿಸ್ಸೆಯಾಗಿರಲಿಲ್ಲ. ಅವಳ ಮದುವೆ 1990ರಲ್ಲಿ ಆದುದರಿಂದ, ಕರ್ನಾಟಕವು 1994ರಲ್ಲಿ ಜಾರಿಗೆ ತಂದ ತಿದ್ದುಪಡಿ ಅವಳಿಗೆ ಅನ್ವಯಿಸುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೆಗೆದುಹಾಕಿತು. ತಂದೆ ಆ ದಿನ ಜೀವಂತನಿರಬೇಕೇ ಎಂಬ ಸಂದೇಹವನ್ನು ಸರ್ವೋಚ್ಚ ನ್ಯಾಯಾಲಯವು 11 ಆಗಸ್ಟ್ 2020ರ ತೀರ್ಪಿನಲ್ಲಿ ಪರಿಹರಿಸಿತು: ಇರಬೇಕಾಗಿಲ್ಲ. ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಇಷ್ಟನ್ನು ಹೇಳಿ, “ನಿನ್ನ ಪಾಲು ಮೂರು ಎಕರೆ, ತಂಗಿ” ಎಂದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ.

ಮುಂದಿನದು ವಕೀಲರ ಕೆಲಸ. ಸನ್ನದಿಲ್ಲದೆ ನ್ಯಾಯಾಲಯದಲ್ಲಿ ವಕಾಲತ್ತು ನಡೆಸಿದವನಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದೆಂದು ಅದೇ 1961ರ ಅಧಿನಿಯಮ ಹೇಳುತ್ತದೆ. ಆಕೆಯನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಕರೆದೊಯ್ದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಹೆಣ್ಣುಮಕ್ಕಳಿಗೆ, ವರಮಾನವೆಷ್ಟೇ ಇರಲಿ, ಉಚಿತವಾಗಿ ವಕೀಲರು ದೊರೆಯುತ್ತಾರೆ. ದಾವೆ ಹೂಡಿದ ಬಳಿಕ ಲೋಕ ಅದಾಲತ್ತಿನಲ್ಲಿ ಅಣ್ಣತಂಗಿಯರು ರಾಜಿಯಾದರು. ಅವಳು ಒಂದೂವರೆ ಎಕರೆ ಸಾಕೆಂದಳು. ನನಗೆ ಅದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಆದರೆ ತನ್ನದೆಂದು ತಿಳಿದು ಬಿಟ್ಟುಕೊಟ್ಟವಳಿಗೆ ನಾನು ಹೇಳುವುದೇನು? ಹಬ್ಬಕ್ಕೆ ತವರಿಗೆ ಹೋಗಿಬರುತ್ತಿದ್ದಾಳೆ.

ಈಗ ನಾನು ಅದೇ ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕ. ಈ ಕಾಯಕಕ್ಕೆ ಪದವಿಯೇ ಬೇಕೆಂದಿಲ್ಲ, ಅಕ್ಷರ ಬಲ್ಲವರನ್ನು ಆರಿಸಿ ಅವರೇ ತರಬೇತಿ ಕೊಡುತ್ತಾರೆ. ಹೆಚ್ಚಿನ ಓದು ಬೇಕಾದ ಪದವೀಧರರು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ನಡೆಸಿಕೊಂಡು ಬಂದಿರುವ ಡಿಪ್ಲೊಮಾಗಳನ್ನು ವಿಚಾರಿಸಬಹುದು. ಅವೂ ತಿಳಿವಿಗಾಗಿ, ಸನ್ನದಿಗಾಗಿ ಅಲ್ಲ.

ನನ್ನ ಹಳೆಯ ಪಾಠಗಳ ಕಟ್ಟುಗಳನ್ನು ಪ್ರಸಾದ ನಿಲಯದ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಅಪರಾಧ ಮತ್ತು ಸಾಕ್ಷ್ಯದ ಭಾಗಗಳನ್ನು ತೆಗೆದಿರಿಸಿದೆ. 1 ಜುಲೈ 2024ರಿಂದ ಹೊಸ ಸಂಹಿತೆಗಳು ಬಂದು ನಾವು ಬಾಯಿಪಾಠ ಮಾಡಿದ 420 ಕೂಡ 318 ಆಗಿದೆ. 1872ರ ಕರಾರಿನ ಕಾನೂನು ಇನ್ನೂ ನಡೆಯುತ್ತಿದೆ. ಆ ಕಟ್ಟಿನ ಅಂಚಿನಲ್ಲಿ ‘ಪ್ರತಿಫಲ’ ಎಂದು ಪೆನ್ಸಿಲಿನಲ್ಲಿ ಬರೆದಿರುವುದನ್ನು ಅಳಿಸಿಲ್ಲ.