ಮುಟ್ಟಿದ ಮೇಲೇ ನನ್ನ ಕೆಲಸ



ನಾನು ಫಿಸಿಯೋಥೆರಪಿಸ್ಟ್ ಅಂದ್ರೆ "ಓ, ಮಸಾಜ್ ಮಾಡೋದಾ?" ಅಂತ ಕೇಳೋರೇ ಜಾಸ್ತಿ. ಅಲ್ಲ. ಕೀಲು ಎಷ್ಟು ಡಿಗ್ರಿ ತಿರುಗುತ್ತೆ ಅಂತ ಅಳೀತೀವಿ, ಯಾವ ಸ್ನಾಯು ಸೋತಿದೆ ಅಂತ ನೋಡ್ತೀವಿ, ಲಕ್ವ ಹೊಡೆದವರಿಗೆ ಎದ್ದು ನಿಲ್ಲೋದನ್ನ ಮತ್ತೆ ಕಲಿಸ್ತೀವಿ. ಇದೆಲ್ಲಕ್ಕೂ ಮೊದಲು ಮುಟ್ಟಬೇಕು.

ಕಳೆದ ವರ್ಷ ಒಬ್ಬ ಪೌರಕಾರ್ಮಿಕ ಅಕ್ಕ ಬಂದರು. ಐವತ್ತರ ಆಸುಪಾಸು, ಸಕ್ಕರೆ ಕಾಯಿಲೆ. ಬಲಗೈ ಮೇಲಕ್ಕೆ ಏಳ್ತಿಲ್ಲ. ತುರುಬು ಮಗಳೇ ಕಟ್ಟಬೇಕು, ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ. ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರೋರಿಗೆ ಇದು ಹೆಚ್ಚು. ಭುಜದ ಮೇಲೆ ಕೈಯಿಡಲು ಹೋದೆ. ಅಕ್ಕ ಹಿಂದೆ ಸರಿದರು.

"ಬ್ಯಾಡಿ ಮೇಡಮ್ಮೋರೇ, ಬೆಳಿಗ್ಗೆಯಿಂದ ಚರಂಡಿ ತಾವ ಇದ್ದೆ. ಮುಟ್ಟಬ್ಯಾಡಿ."

ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಬಂದಿದ್ದರು. ಸೋಪಿನ ವಾಸನೆ ಇನ್ನೂ ಇತ್ತು. ನೋವಿಗೆ ಸರಿದಿದ್ದಲ್ಲ ಅದು. ನಮ್ಮವ್ವನೂ ಊರಿನ ಅಂಗಡಿ ಮುಂದೆ ಹೀಗೇ ಸರಿದು ನಿಲ್ಲೋಳು.

"ಅಕ್ಕಾ, ನಾನೂ ಕೇರಿಯವಳೇ. ಅಲ್ಲದಿದ್ದರೂ ಮುಟ್ಟಲೇಬೇಕು, ಅದು ನನ್ನ ಕೆಲಸ" ಅಂದೆ.

ಚಿಕಿತ್ಸೆ ಮುಗಿದ ಮೇಲೆ ಎಲ್ಲರಿಗೂ ಕೊಡೋ ಹಾಳೆ ಕೊಟ್ಟೆ. ಬೆರಳಲ್ಲಿ ಗೋಡೆ ಹತ್ತೋದು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಭಾರ ಎತ್ತಬೇಡಿ. ಅಕ್ಕ ನಕ್ಕರು. "ಟಿಪ್ಪರಿಗೆ ಕಸದ ಡಬ್ಬ ನೀವು ಎತ್ತಿ ಸುರೀತೀರಾ?"

ಎಷ್ಟೋ ವರ್ಷ ಆ ಹಾಳೆ ಕೊಟ್ಟು, ಮತ್ತೆ ಬಾರದವರ ಬಗ್ಗೆ "ಪೇಶೆಂಟ್ ಸಹಕರಿಸುತ್ತಿಲ್ಲ" ಅಂತ ಬರೆದವಳು ನಾನು. ಅವರ ಕೆಲಸ ಏನು ಅಂತ ಕೇಳಿರಲೇ ಇಲ್ಲ. ನಾಚಿಕೆ ಆಯ್ತು.

ಅಕ್ಕನ ಬೆಳಗ್ಗೆಯಿಂದ ಸಂಜೆವರೆಗಿನ ಕೆಲಸ ಕೇಳಿ ಮತ್ತೆ ಬರೆದೆ. ಪೊರಕೆ ಕೋಲನ್ನೇ ಎರಡೂ ಕೈಲಿ ಹಿಡಿದು ಎಡಗೈ ಬಲದಿಂದ ಬಲಗೈ ಎತ್ತೋದು. ಹಾಜರಿಗೆ ಮುಂಚೆ ಒಂದು ಸಲ, ಟೀ ಹೊತ್ತಿಗೆ ಒಂದು ಸಲ, ಮಲಗೋ ಮುಂಚೆ ಒಂದು ಸಲ. ಜೊತೆಗೆ ಒಂದು ಚೀಟಿ: ಇವರಿಂದ ಭುಜಕ್ಕಿಂತ ಮೇಲೆ ಭಾರ ಎತ್ತಿಸಬಾರದು. ಮೇಸ್ತ್ರಿ ಚೀಟಿ ವಾಪಸ್ ಕೊಟ್ಟು "ಆಗಲ್ಲ ಅಂದ್ರೆ ಮನೇಲಿರು" ಅಂದನಂತೆ. ಸಂಘದವರ ಜೊತೆ ನಾನೂ ಹೋದೆ. ಆಮೇಲೆ ಗುಡಿಸೋ ಕೆಲಸ ಮಾತ್ರ ಕೊಟ್ಟರು.

ನಾಲ್ಕು ತಿಂಗಳಿಗೆ 60 ಡಿಗ್ರಿ ಇದ್ದ ಕೈ 120ಕ್ಕೆ ಬಂತು. ಪೂರ್ತಿ ವಾಸಿ ಆಗಿಲ್ಲ. ಆದರೆ ಈಗ ತುರುಬು ಅವರೇ ಕಟ್ಟಿಕೊಳ್ತಾರೆ.

ಸಂಘದ ಗೆಳೆಯರೇ, ಮನವಿ ಪತ್ರದಲ್ಲಿ ಸಂಬಳ, ಕಾಯಂ ಎಲ್ಲಾ ಇರಲಿ. ಡಬ್ಬ ತಲೆಮೇಲೆ ಎತ್ತದೇ ಸುರಿಯೋ ವ್ಯವಸ್ಥೆ, ಚಿಕಿತ್ಸೆಗೆ ಸಂಬಳದ ರಜೆ, ಇವೆರಡನ್ನೂ ಸೇರಿಸಿ. ನನ್ನ ವೃತ್ತಿಯವರೇ, ಹಾಳೆ ಕೊಡೋ ಮುಂಚೆ ಕೆಲಸ ಕೇಳಿ.

ಜೈ ಭೀಮ್.