ಹತ್ತು ನಿಮಿಷದ ದುಃಖ, ಹದಿನೇಳು ನಿಮಿಷದ ದುಃಖ

ಭೀಮಸೇನ ಜೋಶಿಯವರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ನೇ ಬೇರೆ, ಮದುವೆಮನೆಯಲ್ಲಿ ಹೆಂಗಸರು ಕೂತು ಹೇಳೋದೇ ಬೇರೆ. ಪದ ಅದೇ, ಕೇಳಿದಾಗ ಆಗೋದು ಬೇರೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲವನ್ನೂ ಬರೆದಿಟ್ಟಿರ್ತಾರಲ್ಲ, ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಅಂತ. ಅಲ್ಲಿ ಯಾರು ನುಡಿಸಿದರೇನು, ಎಲ್ಲಾ ಒಂದೇ ಅಲ್ವಾ ಅಂತ ನನ್ನ ಆಫೀಸಿನಲ್ಲೇ ಕೇಳಿದವರಿದ್ದಾರೆ.

ಅವರಿಗೆ ನಾನು ಎರಡು ಅಂಕಿ ಹೇಳ್ತೀನಿ. ಚೈಕೋವ್‌ಸ್ಕಿಯ ಆರನೇ ಸಿಂಫನಿಯ ಕೊನೆಯ ಭಾಗ, 1960ರಲ್ಲಿ ಯೆವ್ಗೆನಿ ಮ್ರಾವಿನ್‌ಸ್ಕಿ ಲೆನಿನ್‌ಗ್ರಾಡ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ ರೆಕಾರ್ಡಿಂಗ್‌ನಲ್ಲಿ, ಸುಮಾರು ಹತ್ತು ನಿಮಿಷ. 1986ರಲ್ಲಿ ಲೆನಾರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದರಲ್ಲಿ ಹದಿನೇಳು ನಿಮಿಷ. ಸ್ವರ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಏಳು ನಿಮಿಷ ಎಲ್ಲಿಂದ ಬಂತು?

ಈ ಏಳು ನಿಮಿಷಕ್ಕಾಗಿ ನಾನೂ ನಮ್ಮ ಅಣ್ಣನೂ ಎರಡು ವರ್ಷದಿಂದ ಜಗಳ ಆಡ್ತಿದ್ದೀವಿ.

ಅಣ್ಣ ಇರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ನಾನು, ಅಮ್ಮ ಬೆಂಗಳೂರಿನಲ್ಲಿ. ಎರಡು ವರ್ಷದ ಹಿಂದೆ ಅಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅಣ್ಣ ಟಿಕೆಟ್ ಹಿಡಿದು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಂಕಿ ಇಟ್ಟದ್ದು ಚಿಕ್ಕಪ್ಪ. ಹದಿಮೂರನೇ ದಿನ ಮುಗಿಸಿಕೊಂಡು ಅಣ್ಣ ವಾಪಸ್ ಹೋದ. ಒಂದು ತಿಂಗಳು ಬಿಟ್ಟು ರಾತ್ರಿ ಒಂದು ಮೆಸೇಜ್ ಬಂತು. ಒಂದು ಲಿಂಕ್, ಕೆಳಗೆ ಎರಡು ಮಾತು: ‘ಕೊನೇದು ಕೇಳು’. ಅದು ಬರ್ನ್‌ಸ್ಟೈನ್. ನಾನು ಕೇಳಿ, ಸ್ವಲ್ಪ ಹುಡುಕಾಡಿ, ಮ್ರಾವಿನ್‌ಸ್ಕಿಯ ಲಿಂಕ್ ಕಳಿಸಿದೆ. ಅಲ್ಲಿಂದ ಶುರುವಾಯಿತು.

ಮೊದಲು ಸಿಂಫನಿಯ ಬಗ್ಗೆ ನಾಲ್ಕು ಮಾತು. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚೈಕೋವ್‌ಸ್ಕಿಯೇ ನಿಂತು ಇದನ್ನು ಮೊದಲ ಸಲ ನುಡಿಸಿದ. ಒಂಬತ್ತು ದಿನಕ್ಕೆ, ನವೆಂಬರ್ 6ರಂದು, ಸತ್ತುಹೋದ. ಕಾಲರಾ ಅಂದರು. ಬೇರೆ ಕಾರಣಗಳನ್ನು ಹುಡುಕುವವರು ಇವತ್ತಿಗೂ ಇದ್ದಾರೆ, ಆ ಚರ್ಚೆ ನಮಗೆ ಬೇಡ. ಸಿಂಫನಿಗೆ ‘ಪತೆತೀಕ್’ ಅಂತ ಹೆಸರು. ಇಂಗ್ಲಿಷಿನ ಪ್ಯಾಥೆಟಿಕ್ ಅಲ್ಲ ಸ್ವಾಮಿ, ಅದು ನಮ್ಮ ಮ್ಯಾನೇಜರ್ ನನ್ನ ಪ್ರೆಸೆಂಟೇಶನ್‌ಗೆ ಬಳಸುವ ಪದ. ರಷ್ಯನ್ ಭಾಷೆಯಲ್ಲಿ ಅದಕ್ಕೆ ಭಾವ ತುಂಬಿದ್ದು, ಎದೆಯಾಳದಿಂದ ಬಂದದ್ದು ಅನ್ನೋ ಅರ್ಥ.

ಮೊದಲ ಭಾಗದ ಬಗ್ಗೆ ಒಂದು ಎಚ್ಚರಿಕೆ. ಇದನ್ನು ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಬೇಡಿ. ಬಸೂನ್ ಅನ್ನೋ ವಾದ್ಯ ಪಾತಾಳದಿಂದ ಎದ್ದ ಹಾಗೆ ಶುರು ಮಾಡುತ್ತೆ, ಏನೂ ಕೇಳಿಸಲ್ಲ, ವಾಲ್ಯೂಮ್ ಏರಿಸ್ತೀರಿ. ಎಂಟು ಹತ್ತು ನಿಮಿಷ ಆದಮೇಲೆ ಒಂದು ಸುಂದರವಾದ ರಾಗ ಕರಗುತ್ತಾ ಕರಗುತ್ತಾ ಹೋಗುತ್ತೆ. ಮೆತ್ತಗೆ ನುಡಿಸಿ ಅನ್ನೋದಕ್ಕೆ ಅವರು ‘ಪಿ’ ಅಂತ ಬರೀತಾರೆ, ತುಂಬಾ ಮೆತ್ತಗೆ ಅಂದರೆ ಎರಡು ಪಿ. ಇಲ್ಲಿ ಬಸೂನಿನ ಕೊನೆಯ ನಾಲ್ಕು ಸ್ವರಕ್ಕೆ ಚೈಕೋವ್‌ಸ್ಕಿ ಆರು ಪಿ ಬರೆದಿದ್ದಾನೆ! ಬಸೂನಿನಲ್ಲಿ ಅಷ್ಟು ಮೆತ್ತಗೆ ಆಗೋದು ಕಷ್ಟ ಅಂತ ಬಹಳ ಕಂಡಕ್ಟರುಗಳು ಆ ನಾಲ್ಕು ಸ್ವರವನ್ನು ಬೇಸ್ ಕ್ಲಾರಿನೆಟ್‌ಗೆ ಕೊಟ್ಟುಬಿಡುತ್ತಾರೆ. ನೀವು ವಾಲ್ಯೂಮ್ ಇನ್ನೂ ಏರಿಸ್ತೀರಿ. ಮರುಕ್ಷಣವೇ ಇಡೀ ವಾದ್ಯವೃಂದ ಒಟ್ಟಿಗೆ ಸಿಡಿಯುತ್ತೆ. ನಾನು ಪರ್ಪಲ್ ಲೈನಿನಲ್ಲಿ ನಿಂತಲ್ಲೇ ಹಾರಿಬಿದ್ದಿದ್ದೆ, ಪಕ್ಕದ ಹುಡುಗ ಮುಟ್ಟಿದ್ದು ತಾನಲ್ಲ ಅನ್ನೋ ಹಾಗೆ ಎರಡೂ ಕೈ ಎತ್ತಿದ.

ಈ ಒಂದು ಜಾಗ ಸಾಕು, ಕಂಡಕ್ಟರ್ ಎಂಥವನು ಅಂತ ತಿಳಿಯೋದಕ್ಕೆ. ಮ್ರಾವಿನ್‌ಸ್ಕಿಯ ಸಿಡಿತ ಚಾಟಿ ಬೀಸಿದ ಹಾಗೆ, ಆಮೇಲೆ ತಿರುಗಿ ನೋಡದೆ ಓಟ. ಬರ್ನ್‌ಸ್ಟೈನ್‌ದು ಗೋಡೆ ಕುಸಿದ ಹಾಗೆ. ತೇವೊಡೋರ್ ಕುರೆಂಟ್ಜಿಸ್ ಅಂತ ಈ ಕಾಲದವರೊಬ್ಬರು 2015ರಲ್ಲಿ ತಮ್ಮ ಮ್ಯೂಸಿಕಾಎಟೆರ್ನ ವೃಂದದ ಜೊತೆ ಮಾಡಿದ್ದಾರೆ. ಅದರಲ್ಲಿ ಮೆತ್ತಗಿರೋದು ಪಿಸುಮಾತಿಗಿಂತ ಮೆತ್ತಗೆ, ಜೋರು ಅಂದರೆ ಕಿವಿ ಕಿತ್ತುಬರುವಷ್ಟು ಜೋರು. ಕೇಳೋಕೆ ಮೈ ಜುಮ್ಮೆನ್ನುತ್ತೆ, ಆದರೆ ಎರಡನೇ ಸಲ ಕೇಳುವಾಗ ಸ್ಪೆಷಲ್ ಎಫೆಕ್ಟ್ ನೋಡಿದ ಹಾಗಾಗುತ್ತೆ. ನನಗೆ ಮಾತ್ರ ಹಾಗನ್ನಿಸಿದ್ದಿರಬಹುದು.

ಎರಡನೇ ಭಾಗಕ್ಕೆ ನಮ್ಮ ಮನೆಯಲ್ಲಿ ತೀರ್ಪು ಕೊಟ್ಟವರು ಅಮ್ಮ. ಇದು ವಾಲ್ಟ್ಸ್ ಥರದ ಕುಣಿತ, ಆದರೆ ವಾಲ್ಟ್ಸ್‌ಗೆ ಮೂರು ಎಣಿಕೆ ಇರಬೇಕು, ಇದಕ್ಕೆ ಐದು. ಯುರೋಪಿನವರಿಗೆ ಐದು ಅಂದರೆ ಆ ಕಾಲಕ್ಕೆ ವಿಚಿತ್ರವೇ. ಅಮ್ಮ ಮದುವೆಗೆ ಮುಂಚೆ ವೀಣೆ ಕಲಿತವರು. ಅಡುಗೆಮನೆಯಿಂದ ಬಂದು ಸೊಪ್ಪು ಬಿಡಿಸ್ತಾ ಕೂತವರು ತೊಡೆ ಮೇಲೆ ತಾಳ ಹಾಕೋಕೆ ಶುರು ಮಾಡಿದರು. ತಕ, ತಕಿಟ. ತಕ, ತಕಿಟ. ‘ಖಂಡ ಛಾಪು ಅಲ್ವೇನೇ ಇದು? ಚೆನ್ನಾಗಿದೆ’ ಅಂದರು. ಬೇರೆ ಬೇರೆ ರೆಕಾರ್ಡಿಂಗ್ ಹಾಕಿದೆ. ಬರ್ನ್‌ಸ್ಟೈನ್‌ಗೆ ಮುಖ ಸಿಂಡರಿಸಿದರು: ‘ಎಳೀತಾನೆ’. ಮ್ರಾವಿನ್‌ಸ್ಕಿಗೆ ಸೊಪ್ಪು ಕೆಳಗಿಟ್ಟು ಪೂರ್ತಿ ಕೇಳಿದರು. ನಾನು ಅದನ್ನು ತಕ್ಷಣ ಅಣ್ಣನಿಗೆ ವರದಿ ಮಾಡಿದೆ. ‘ಅಮ್ಮನ್ನ ಪಾರ್ಟಿಗೆ ಸೇರಿಸ್ಕೊಂಡ್ಯಾ’ ಅಂತ ಉತ್ತರ ಬಂತು.

ಮೂರನೇ ಭಾಗ ಮೆರವಣಿಗೆ. ಎಷ್ಟು ಅಬ್ಬರವಾಗಿ ಮುಗಿಯುತ್ತೆ ಅಂದರೆ ಸಿಂಫನಿಯೇ ಮುಗೀತು ಅಂದುಕೊಂಡು ದೊಡ್ಡ ದೊಡ್ಡ ಸಭಾಂಗಣಗಳಲ್ಲೂ ಜನ ಚಪ್ಪಾಳೆ ಹೊಡೆದುಬಿಡುತ್ತಾರೆ. ಆ ಚಪ್ಪಾಳೆ ನಿಲ್ಲುವ ಹೊತ್ತಿಗೆ ಅಳು ಶುರು. ಇದಕ್ಕಿಂತ ಕ್ರೂರ ಜೋಡಣೆ ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ. ಫೋನಿನಲ್ಲಿ ಕೇಳುವವರಿಗೆ ಇನ್ನೊಂದು ಕ್ರೌರ್ಯ ಇದೆ, ದುಡ್ಡು ಕಟ್ಟದಿದ್ದರೆ ಆ ಎರಡು ಭಾಗದ ಮಧ್ಯೆ ಸರಿಯಾಗಿ ಜಾಹೀರಾತು ಬರುತ್ತೆ.

ಹಳೆಯ ರೆಕಾರ್ಡಿಂಗ್‌ಗಳ ಹುಚ್ಚು ಹಿಡಿಸಿದ್ದು ಅಣ್ಣ. ಬರ್ಲಿನ್ ಫಿಲ್‌ಹಾರ್ಮೋನಿಕ್ 1938ರ ಕೊನೆಗೆ ಇದೇ ಸಿಂಫನಿಯನ್ನು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಕೈಕೆಳಗೆ ರೆಕಾರ್ಡ್ ಮಾಡಿತು. 1939ರ ಏಪ್ರಿಲ್‌ನಲ್ಲಿ ಅದೇ ವೃಂದ ಅದೇ ಸಿಂಫನಿಯನ್ನು ಹರ್ಬರ್ಟ್ ಫಾನ್ ಕಾರಯನ್ ಜೊತೆ, ಬೇರೆ ಕಂಪನಿಗೆ, ಮತ್ತೆ ಮಾಡಿತು. ಒಬ್ಬರು ಐವತ್ತು ದಾಟಿದ ಹಿರಿಯರು, ಇನ್ನೊಬ್ಬ 31ರ ಹುಡುಗ, ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆಗ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು ನಿಮಿಷ ಚಿಲ್ಲರೆ ಹಿಡಿಸುತ್ತಿತ್ತು, ಒಂದು ಸಿಂಫನಿಗೆ ಹತ್ತಕ್ಕೂ ಹೆಚ್ಚು ಮಗ್ಗುಲು. ತುಂಡು ತುಂಡಾಗಿ ನುಡಿಸಿಯೂ ಫುರ್ಟ್‌ವೆಂಗ್ಲರ್ ಹಾಗೆ ಉಸಿರು ಹಿಡಿದು ಬಿಡೋದು ಹೇಗೆ ಸಾಧ್ಯವಾಯಿತೋ. ಕಾರಯನ್‌ದು ಆಗಲೇ ನುಣ್ಣಗೆ ಪಾಲಿಶ್ ಹಾಕಿದ ಹಾಗಿದೆ. ಆತ ಈ ಒಂದು ಸಿಂಫನಿಯನ್ನು ಜೀವನದಲ್ಲಿ ಏಳು ಸಲ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ, ಕೊನೆಯದು 1984ರಲ್ಲಿ, ವಿಯೆನ್ನಾದಲ್ಲಿ.

ಮೈಸೂರಿನವರಿಗೆ ಒಂದು ಸಣ್ಣ ಹೆಮ್ಮೆ. ಆ ಏಳರಲ್ಲಿ ಒಂದು 1950ರ ದಶಕದ ಮಧ್ಯದಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ವೃಂದದ ಜೊತೆ ಆದದ್ದು. ಆ ವೃಂದ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಅದಕ್ಕೆ ಹಣ ಕೊಟ್ಟು ನಿಲ್ಲಿಸಿದವರಲ್ಲಿ ನಮ್ಮ ಜಯಚಾಮರಾಜ ಒಡೆಯರ್ ಒಬ್ಬರು. 1949ರಲ್ಲಿ ಕಾರಯನ್ ಇದೇ ವೃಂದದ ಜೊತೆ ಬಲಾಕಿರೆವ್‌ನ ಮೊದಲ ಸಿಂಫನಿ ರೆಕಾರ್ಡ್ ಮಾಡಿದ್ದೂ ಮಹಾರಾಜರ ನೆರವಿನಿಂದ. ಚೈಕೋವ್‌ಸ್ಕಿಯ ಬೆನ್ನುಹತ್ತಿ ‘ರೋಮಿಯೋ ಮತ್ತು ಜೂಲಿಯೆಟ್’ ಬರೆಸಿದವನು ಇದೇ ಬಲಾಕಿರೆವ್. ಅರಮನೆಯ ದುಡ್ಡು ಅಲ್ಲಿಗೂ ಮುಟ್ಟಿತ್ತು ಅಂತ ಅಣ್ಣ ಸ್ಟುಟ್‌ಗಾರ್ಟ್‌ನ ತನ್ನ ಸಹೋದ್ಯೋಗಿಗಳಿಗೆ ಹೇಳಿದರೆ ಅವರು ನಂಬಲಿಲ್ಲವಂತೆ.

ಇನ್ನು ಕೊನೆಯ ಭಾಗ. ಶುರುವಿನಲ್ಲೇ ಒಂದು ಗುಟ್ಟಿದೆ. ಪಿಟೀಲುಗಳು ಒಂದು ಇಳಿಯುವ ರಾಗ ನುಡಿಸುತ್ತವೆ, ಮೆಟ್ಟಿಲಿಳಿದ ಹಾಗೆ. ಆದರೆ ಕಾಗದದಲ್ಲಿ ನೋಡಿದರೆ ಆ ರಾಗ ಯಾರ ಹತ್ತಿರವೂ ಇಲ್ಲ! ಒಂದು ಸ್ವರ ಮೊದಲ ಗುಂಪಿಗೆ, ಮುಂದಿನದು ಎರಡನೇ ಗುಂಪಿಗೆ, ಮತ್ತೆ ಮೊದಲ ಗುಂಪಿಗೆ. ಬೇರೆ ಬೇರೆ ಕೇಳಿದರೆ ಎರಡೂ ಅರ್ಥವಾಗದ ತುಂಡು ತುಂಡು, ಕೂಡಿಸಿದರೆ ಅಳು. ಇವತ್ತು ಬಹಳ ವೃಂದಗಳಲ್ಲಿ ಎರಡೂ ಗುಂಪು ಎಡಗಡೆಯೇ ಕೂರುತ್ತವೆ, ಹಾಗಾಗಿ ಗುಟ್ಟು ಗೊತ್ತಾಗಲ್ಲ. ಮ್ರಾವಿನ್‌ಸ್ಕಿ ಹಳೆಯ ಪದ್ಧತಿಯಂತೆ ಒಂದು ಗುಂಪನ್ನು ಎಡಕ್ಕೆ, ಒಂದನ್ನು ಬಲಕ್ಕೆ ಕೂರಿಸುತ್ತಿದ್ದರು. ಒಳ್ಳೆಯ ಹೆಡ್‌ಫೋನ್ ಇದ್ದರೆ ಆ ರಾಗ ನಿಮ್ಮ ಎಡಕಿವಿಯಿಂದ ಬಲಕಿವಿಗೆ, ಮತ್ತೆ ಎಡಕ್ಕೆ ತೂಗೋದು ಕೇಳಿಸುತ್ತೆ. ಆಮೇಲೆ ಅದೇ ರಾಗ ಮರಳಿ ಬಂದಾಗ ಹಂಚಿಕೆ ಇಲ್ಲ, ಮೊದಲ ಗುಂಪು ಪೂರ್ತಿ ನುಡಿಸುತ್ತೆ.

ಮ್ರಾವಿನ್‌ಸ್ಕಿ ಈ ವೃಂದವನ್ನು 1938ರಿಂದ 1988ರಲ್ಲಿ ತಾವು ಸಾಯುವವರೆಗೆ, ಐವತ್ತು ವರ್ಷ ನಡೆಸಿದರು. ಅವರ ಖಾಯಂ ಸಭಾಂಗಣ ಯಾವುದು ಗೊತ್ತಾ? ಚೈಕೋವ್‌ಸ್ಕಿ 1893ರಲ್ಲಿ ಈ ಸಿಂಫನಿ ನುಡಿಸಿದ ಅದೇ ಜಾಗ. ಅವರ ಕೈಯಲ್ಲಿ ಈ ಭಾಗ ಕಣ್ಣೀರು ಸುರಿಸಲ್ಲ. ಹೆಜ್ಜೆ ನಿಲ್ಲಿಸಲ್ಲ. ಮಾಡಬೇಕಾದ್ದೆಲ್ಲ ಮಾಡ್ತಾ, ಹಲ್ಲು ಕಚ್ಚಿಕೊಂಡು ನಡೆಯುವವರ ದುಃಖ ಅದು.

ಬರ್ನ್‌ಸ್ಟೈನ್ ಪ್ರತಿ ಸ್ವರದ ಹತ್ತಿರ ಕೂತುಬಿಡುತ್ತಾರೆ. ಚೈಕೋವ್‌ಸ್ಕಿ ನಿಮಿಷಕ್ಕೆ 54 ಎಣಿಕೆ ಅಂತ ವೇಗ ಬರೆದುಕೊಟ್ಟಿದ್ದಾನೆ, ಇವರು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. 1960ರ ದಶಕದಲ್ಲಿ ಇದೇ ವೃಂದದ ಜೊತೆ ಇವರೇ ಮಾಡಿದ ರೆಕಾರ್ಡಿಂಗ್ ಇಷ್ಟು ನಿಧಾನ ಇಲ್ಲ. ‘ನಾಟಕ ಆಡ್ತಾನೆ’ ಅಂತ ನಾನು ಬರೆದೆ. ಮೂರು ದಿನ ಅಣ್ಣನ ಉತ್ತರ ಇಲ್ಲ. ಆಮೇಲೆ ಬಂದದ್ದು ಇಷ್ಟು: ‘ನಿನಗೆ ಹತ್ತು ನಿಮಿಷ ಸಾಕಾಯ್ತು ಪುಟ್ಟಿ. ನೀನು ಅಲ್ಲಿದ್ದೆ.’

ಅದಕ್ಕೆ ಏನು ಬರೆಯಲಿ. ಹನ್ನೊಂದು ದಿನ ನಾನು ಸಹಿ ಹಾಕಿದ ಫಾರಂಗಳು, ಔಷಧಿಯಂಗಡಿಯ ಸಾಲು, ರಕ್ತಕ್ಕಾಗಿ ಫೋನು, ಆ್ಯಂಬುಲೆನ್ಸಿನವನ ಚೌಕಾಸಿ, ಪುರೋಹಿತರ ಸಾಮಾನಿನ ಪಟ್ಟಿ. ಅಳೋಕೆ ಪುರುಸೊತ್ತಿರಲಿಲ್ಲ. ಅವನಿಗೆ ಪುರುಸೊತ್ತು ಬಿಟ್ಟು ಬೇರೇನೂ ಇರಲಿಲ್ಲ, ಕನೆಕ್ಟಿಂಗ್ ಫ್ಲೈಟಿಗೆ ಕಾಯ್ತಾ ಏರ್‌ಪೋರ್ಟಿನ ಕುರ್ಚಿ ಮೇಲೆ ಕೂತಿದ್ದ.

ಈಗಲೂ ಯಾರಾದರೂ ಕೇಳಿದರೆ ಮೊದಲು ಮ್ರಾವಿನ್‌ಸ್ಕಿ ಕೇಳಿ ಅಂತಲೇ ಹೇಳೋದು. ಬಸ್ಸಿನಲ್ಲಿ ಬೇಡ, ರಾತ್ರಿ ಮನೆಯಲ್ಲಿ, ಫ್ಯಾನ್ ಆರಿಸಿ. ಫೋನಿನ ಸ್ಪೀಕರ್‌ನಲ್ಲಿ ಹಾಕಿದರೆ ಕೊನೆಯ ಒಂದು ನಿಮಿಷ ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಅದು ಪೂರ್ತಿ ಚೆಲ್ಲೋ, ಡಬಲ್ ಬೇಸ್‌ಗಳದ್ದು, ಅಷ್ಟು ತಗ್ಗಿನ ಸದ್ದನ್ನು ಆ ಪುಟ್ಟ ಸ್ಪೀಕರ್ ಎತ್ತಲ್ಲ. ಅದಕ್ಕೂ ಮುಂಚೆ ಒಂದೇ ಒಂದು ಸಲ ಜಾಗಟೆಯಂಥ ದೊಡ್ಡ ಕಂಚಿನ ತಟ್ಟೆಯನ್ನು ಮೆಲ್ಲಗೆ ಹೊಡೀತಾರೆ, ಇಡೀ ಸಿಂಫನಿಗೆ ಒಂದೇ ಏಟು. ಅದು ಕೇಳಿಸಿತಾ ನೋಡಿ. ಕೇಳಿಸದಿದ್ದರೆ ಹೆಡ್‌ಫೋನ್ ಬದಲಿಸಿ.

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ಅಣ್ಣ ಫೋನ್ ಮಾಡಿ, ‘ಸುಮ್ನೆ ಇಟ್ಕೊಂಡಿರು’ ಅಂತ ಹೇಳಿ, ಆ ಕಡೆ ಬರ್ನ್‌ಸ್ಟೈನ್ ಹಾಕಿದ. ಹದಿನೇಳು ನಿಮಿಷ. ಫೋನಿನಲ್ಲಿ ಹಾದುಬಂದ ಸಂಗೀತ, ಅರ್ಧಕ್ಕರ್ಧ ಗೊರಗೊರ. ಜಾಗಟೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಕೊನೆಯ ತಗ್ಗಿನ ಸ್ವರಗಳಂತೂ ಬರಲೇ ಇಲ್ಲ, ಮುಗಿದಿದೆ ಅಂತ ನನಗೆ ತಿಳಿದದ್ದು ಅಣ್ಣ ಮೂಗು ಏರಿಸಿದಾಗ.

‘ಅಪ್ಪ ಕೊನೆಗೆ ಏನಾದ್ರೂ ಅಂದ್ರಾ?’ ಅಂತ ಕೇಳಿದ. ಎರಡು ವರ್ಷದಲ್ಲಿ ಮೊದಲ ಸಲ.

ಅಂದಿದ್ದರು. ನೀನು ಊಟ ಮಾಡಿದ್ಯಾ ಅಂತ ನನ್ನನ್ನು ಕೇಳಿ, ಆಮೇಲೆ ಅವನು ಹೊರಟ್ನಾ ಅಂತ ಕೇಳಿದ್ದರು. ಹೊರಟಿದ್ದಾನೆ ಅಪ್ಪ ಅಂದಿದ್ದೆ. ಅದನ್ನೇ ಹೇಳಿದೆ. ಆ ರಾತ್ರಿ ಎರಡು ಗಂಟೆಯವರೆಗೆ ಮಾತಾಡಿದೆವು. ಆಸ್ಪತ್ರೆಯ ಹನ್ನೊಂದು ದಿನ ಒಂದೊಂದಾಗಿ ಕೇಳಿದ, ಯಾವ ದಿನ ಯಾರು ಬಂದರು, ಏನು ತಿಂದರು, ಎಲ್ಲ.

ಈಗ ಅಣ್ಣ ಐದನೇ ಸಿಂಫನಿಗೆ ಬಂದಿದ್ದಾನೆ. ಅದರಲ್ಲೂ ಮ್ರಾವಿನ್‌ಸ್ಕಿ ಕೊನೆಯ ಭಾಗವನ್ನು ಬಸ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡಿಸ್ತಾನೆ ಅಂತ ಅವನ ತಕರಾರು. ಮೊನ್ನೆ ಮೂರು ಲಿಂಕ್ ಕಳಿಸಿದ್ದಾನೆ, ಇನ್ನೂ ಕೇಳಿಲ್ಲ.