ಮೈನಸ್ 1 ಬಂದ ಲೆಕ್ಕ

ಮೊನ್ನೆ ಆರ್‌ಎಸ್‌ಎ ಬಗ್ಗೆ ಓದುವಾಗ ನಮಗೆ ಎರಡು ಸಂಖ್ಯೆ ಸಿಕ್ಕವು: 193707721 ಮತ್ತು 761838257287. ರೂಮಿನ ನಾವು ಮೂವರೂ ಸೇರಿ ಗುಣಿಸೋಕೆ ಒಂದು ಸಿ ಪ್ರೋಗ್ರಾಂ ಬರೆದ್ವಿ. ಲಾಂಗ್ ಲಾಂಗ್ ಹಾಕಿ ರನ್ ಮಾಡಿದ್ರೆ ಉತ್ತರ ಮೈನಸ್ 1!

ಬಿದ್ದು ಬಿದ್ದು ನಕ್ವಿ. ಕಾರಣ ಆಮೇಲೆ ಹೊಳೀತು. ನಿಜವಾದ ಉತ್ತರ, 2ರ 67ನೇ ಘಾತಕ್ಕಿಂತ 1 ಕಡಿಮೆ. ಬೈನರಿಯಲ್ಲಿ ಅದು ಸಾಲಾಗಿ 67 ಒಂದುಗಳು. ಲಾಂಗ್ ಲಾಂಗ್‌ನಲ್ಲಿ ಇರೋದು 64 ಬಿಟ್ ಜಾಗ. ಮೇಲಿನ ಮೂರು ಉದುರಿಹೋದವು. ಉಳಿದ 64 ಒಂದುಗಳನ್ನ ಕಂಪ್ಯೂಟರ್ ಮೈನಸ್ 1 ಅಂತ ಓದಿತ್ತು.

ಈ ಸಂಖ್ಯೆಗೆ ಹಳೇ ಕಥೆ ಇದೆ. 1644ರಲ್ಲಿ ಫ್ರಾನ್ಸ್‌ನ ಮರ್ಸೆನ್ ಇದು ಅವಿಭಾಜ್ಯ ಅಂದಿದ್ದರು. 1876ರಲ್ಲಿ ಎಡ್ವರ್ಡ್ ಲ್ಯೂಕಾಸ್ ಅಲ್ಲ ಅಂತ ತೋರಿಸಿದರು. ಆದರೆ ಅಪವರ್ತನಗಳು ಯಾವುವು ಅನ್ನೋದು ಅವರ ವಿಧಾನದಲ್ಲಿ ಸಿಗಲಿಲ್ಲ. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕ್‌ನ ಗಣಿತ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಆ ಎರಡು ಸಂಖ್ಯೆಗಳನ್ನ ಮುಂದಿಟ್ಟರು. ಒಂದು ಮಾತೂ ಆಡದೆ ಬೋರ್ಡ್ ಮೇಲೆ ಗುಣಿಸಿ ತೋರಿಸಿ ಹೋಗಿ ಕೂತರಂತೆ. ಅದನ್ನ ಹುಡುಕೋಕೆ ಮೂರು ವರ್ಷದ ಭಾನುವಾರಗಳು ಹಿಡಿದವಂತೆ.

ನಾವೂ ಕೈಯಲ್ಲೇ ಮಾಡೋಣ ಅಂತ ಪೆನ್ ಹಿಡಿದ್ವಿ. ಮೊದಲ ಸಂಖ್ಯೆಯಲ್ಲಿ 7 ಮೂರು ಸಲ ಬರುತ್ತೆ. ಏಳರ ಸಾಲನ್ನ ಒಮ್ಮೆ ಮಾಡಿ ಇನ್ನೆರಡು ಕಡೆ ಕಾಪಿ ಹೊಡೆದ್ವಿ, ಅಸೈನ್‌ಮೆಂಟ್ ಅಭ್ಯಾಸ. ಕೊನೆಗೆ ಅಂಕಿಗಳನ್ನ ಕೂಡಿಸಿ ಪರೀಕ್ಷೆ ಮಾಡಿದ್ವಿ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 37, ಎರಡನೆಯದರದ್ದು 64. ಮತ್ತೆ ಮತ್ತೆ ಕೂಡಿಸಿದ್ರೆ ಎರಡೂ 1. ಹಾಗಾಗಿ ಗುಣಲಬ್ಧದ್ದೂ 1 ಬರಬೇಕು. ನಮಗೆ ಬಂದಿದ್ದು 7.

ತಪ್ಪಿದೆ ಅಂತ ಗೊತ್ತಾಯ್ತು. ಎಲ್ಲಿ ಅಂತ ಗೊತ್ತಿಲ್ಲ. ಒಂದೊಂದೇ ಸಾಲನ್ನ ಅದೇ ರೀತಿ ನೋಡುತ್ತಾ ಬಂದ್ವಿ. ಏಳರ ಸಾಲಿನಲ್ಲಿ ಒಂದು ಕ್ಯಾರಿ ಬಿಟ್ಟಿದ್ವಿ. ಕಾಪಿ ಹೊಡೆದಿದ್ದಕ್ಕೆ ಅದು ಮೂರು ಕಡೆ ಬಿಟ್ಟುಹೋಗಿತ್ತು. ಸರಿ ಮಾಡಿದಾಗ ಬಂತು: 147573952589676412927. ಅಂಕಿಗಳ ಮೊತ್ತ 109, ಅಂದ್ರೆ 10, ಅಂದ್ರೆ 1.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಳೆದ ಸೆಮಿಸ್ಟರ್ ಗಣಿತದಲ್ಲಿ ನಮ್ಮ ಮೂವರಲ್ಲಿ ಇಬ್ಬರಿಗೆ ಬ್ಯಾಕ್. ರಿಸಲ್ಟ್ ನೋಡಿ ಲ್ಯಾಪ್‌ಟಾಪ್ ಮುಚ್ಚಿದ್ವಿ. ಮನೇಲಿ ಪೇಪರ್ ಟಫ್ ಇತ್ತು ಅಂದ್ವಿ. ಉತ್ತರಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಲೇ ಇಲ್ಲ. ದುಡ್ಡಿಗಾಗಿ ಅಲ್ಲ, ನಮ್ಮದೇ ಪೇಪರ್ ನೋಡೋಕೆ ಭಯ. ಫೇಲ್ ಅಂತ ಗೊತ್ತಿತ್ತು, ಎಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ.

ಅರ್ಜಿಯ ಗಡುವು ಈಗ ಮುಗಿದಿದೆ. ಪ್ರಶ್ನೆಪತ್ರಿಕೆ ಮಾತ್ರ ಬ್ಯಾಗಿನಲ್ಲೇ ಇತ್ತು. ಈ ಭಾನುವಾರ ಮೆಸ್‌ನಿಂದ ಬಂದು ಮೂವರೂ ಅದನ್ನ ಮೊದಲಿಂದ ಬರೆಯೋಕೆ ಕೂತ್ವಿ. ಸಂಜೆವರೆಗೆ ಎರಡೇ ಪ್ರಶ್ನೆ ಮುಗಿದವು. ಇಂಟಿಗ್ರೇಷನ್ ಬೈ ಪಾರ್ಟ್ಸ್ ಮಾಡುವಾಗ ಎರಡನೇ ಹಂತದಲ್ಲಿ ಮೈನಸ್ ಬಿಡ್ತೀವಿ ಅಂತ ಗೊತ್ತಾಯ್ತು.

ಬ್ಯಾಕ್ ಪರೀಕ್ಷೆಗೆ ಇನ್ನೂ ಐದು ಭಾನುವಾರ ಇದೆ.